ಮನೆಯೊಳಗಿನ ಪುಟ್ಟ ಪ್ರಸಾರ ನಿಲಯ

ಲ್ಯಾಪ್‌ಟಾಪಿನ ಮೂಲೆಯಲ್ಲಿ ಬೀಸಣಿಗೆಯಂಥ ಗುರುತು ತುಂಬಿ ನಿಂತಿರುತ್ತದೆ. ಆದರೂ ಪುಟ ತೆರೆಯುವುದಿಲ್ಲ. ಇಲ್ಲವೆ, ನಡುಮನೆಯಲ್ಲಿ ಸೊಗಸಾಗಿ ಓಡುತ್ತಿದ್ದ ಅಂತರಜಾಲ ಮಲಗುವ ಕೋಣೆಯ ಹೊಸ್ತಿಲು ದಾಟಿದೊಡನೆ ಏದುಸಿರು ಬಿಡತೊಡಗುತ್ತದೆ. ಇಂಥ ಹೊತ್ತಿನಲ್ಲಿ ಮನೆಮನೆಯಲ್ಲೂ ನಡೆಯುವ ಚಿಕಿತ್ಸೆ ಒಂದೇ: ರೌಟರಿನ ಸ್ವಿಚ್ಚು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕುವುದು. ಎಷ್ಟೋ ಸಲ ಅದು ಫಲಿಸುವುದೂ ಉಂಟು. ಏಕೆ ಫಲಿಸಿತು, ಏಕೆ ಫಲಿಸಲಿಲ್ಲ ಎಂದು ಕೇಳುವವರು ಮಾತ್ರ ಕಡಮೆ. ವಿಚಾರಿಸಿ ನೋಡಿದರೆ ಈ ಪೆಟ್ಟಿಗೆಗೆ ಬರುವ ಒಂದೊಂದು ಕಾಯಿಲೆಗೂ ಒಂದೊಂದು ಇತಿಹಾಸವಿದೆ. ಎಂದೋ ಎಲ್ಲೋ ಕೆಲವರು ಮಾಡಿದ ತೀರ್ಮಾನಗಳ ಫಲವನ್ನು ನಾವು ಇಂದು ನಮ್ಮ ಪಡಸಾಲೆಯಲ್ಲಿ ಕುಳಿತು ಉಣ್ಣುತ್ತಿದ್ದೇವೆ.

ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಈ ತಾಪತ್ರಯಗಳು ಪೂರ್ತಿ ಹೊಸವೇನಲ್ಲ. ಏರಿಯಲ್ಲನ್ನು ಅತ್ತಿತ್ತ ತಿರುಗಿಸಿದ್ದು, ಒಂದು ನಿಲಯದ ಮೇಲೆ ಇನ್ನೊಂದು ನಿಲಯ ಹತ್ತಿ ಕುಳಿತು ಕಿರುಗುಟ್ಟಿದ್ದು ಯಾರಿಗೆ ತಿಳಿಯದು? ಆದರೆ ಒಂದು ಭೇದವುಂಟು. ರೇಡಿಯೋ ಪೆಟ್ಟಿಗೆ ಕೇಳುವುದಷ್ಟನ್ನೇ ಬಲ್ಲದು. ರೌಟರಾದರೋ ಕೇಳುವುದರ ಜೊತೆಗೆ ತಾನೂ ಮಾತನಾಡುತ್ತದೆ. ಅದೊಂದು ಪ್ರಸಾರ ನಿಲಯ. ನಮ್ಮ ದೇಶದಲ್ಲಿ ೧೯೩೩ರ ನಿಸ್ತಂತು ಕಾಯಿದೆಯ ಪ್ರಕಾರ ರೇಡಿಯೋ ಕೇಳುವುದಕ್ಕೇ ಲೈಸೆನ್ಸು ಬೇಕಾಗಿತ್ತು. ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಬರುವ ಆ ಪದ್ಧತಿ ೧೯೮೦ರ ದಶಕದ ನಡುಗಾಲದವರೆಗೂ ನಡೆಯಿತು. ೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದಾಗ ಅದೊಂದು ಅಪೂರ್ವ ಸಂಗತಿಯಾಗಿತ್ತು. ಇಂದು ಬೀದಿಯ ಮನೆಮನೆಯಲ್ಲೂ ಒಂದೊಂದು ಪ್ರಸಾರ ಯಂತ್ರ, ಅದೂ ಲೈಸೆನ್ಸಿಲ್ಲದೆ! ಇದು ಹೇಗೆ ಸಾಧ್ಯವಾಯಿತೆಂಬುದೇ ಮೊದಲು ತಿಳಿಯಬೇಕಾದ ವಿಷಯ.

೧೯೪೭ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಎಂಬಲ್ಲಿ ರೇಡಿಯೋ ಅಲೆಗಳ ಹಂಚಿಕೆಗಾಗಿ ರಾಷ್ಟ್ರಗಳ ಸಮ್ಮೇಳನ ಸೇರಿತು. ಆ ಹೊತ್ತಿಗೆ ರೇಡಿಯೋ ಅಲೆಗಳಿಂದ ವಸ್ತುಗಳನ್ನು ಬಿಸಿಮಾಡುವ ಯಂತ್ರಗಳು ಬಂದಿದ್ದವು. ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಎಂಬಾತ ರೇಡಾರಿಗೆಂದು ಮಾಡಿದ ಮ್ಯಾಗ್ನೆಟ್ರಾನಿನಿಂದ ಅಡಿಗೆ ಬೇಯಿಸಬಹುದೆಂದು ಕಂಡುಕೊಂಡಿದ್ದ. ಇಂಥ ಯಂತ್ರಗಳು ಸಂದೇಶ ಕಳುಹಿಸುವುದಿಲ್ಲ, ಸುಮ್ಮನೆ ಗದ್ದಲ ಮಾಡುತ್ತವೆ. ಆ ಗದ್ದಲವೆಲ್ಲ ಕೆಲವು ಗೊತ್ತಾದ ಜಾಗಗಳಲ್ಲೇ ನಡೆಯಲಿ ಎಂದು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಸಲಕರಣೆಗಳಿಗಾಗಿ ಕೆಲವು ಪಟ್ಟಿಗಳನ್ನು ಬಿಟ್ಟುಕೊಟ್ಟರು. ೨೪೫೦ ಮೆಗಾಹರ್ಟ್ಸಿನ ಆಸುಪಾಸು ಅಂಥದೊಂದು ಪಟ್ಟಿ. ಊರ ಹೊರಗಿನ ಹುಲ್ಲುಗಾವಲಿನಂತೆ, ಯಾರಿಗೂ ಹೆಚ್ಚು ಬೇಡವಾದ ಜಾಗ. (ನೀರಿನ ಕಣಗಳು ಈ ಆವರ್ತನಕ್ಕೇ ಅನುರಣಿಸುವುದರಿಂದ ಒಲೆಗೆ ಇದನ್ನು ಆರಿಸಿದರೆಂದು ಹೇಳುವವರಿದ್ದಾರೆ. ಅದು ತಪ್ಪು, ನೀರು ಇದರ ಆಚೀಚೆಯ ಅಲೆಗಳಿಂದಲೂ ಚೆನ್ನಾಗಿಯೇ ಕಾಯುತ್ತದೆ.)

ಮುಂದೆ ೧೯೮೫ನೆಯ ಇಸವಿ ಮೇ ೯ರಂದು ಅಮೆರಿಕದ ಸಂಪರ್ಕ ಆಯೋಗವು ಈ ಹುಲ್ಲುಗಾವಲಿನಲ್ಲಿ ಸಾಮಾನ್ಯರೂ ಲೈಸೆನ್ಸಿಲ್ಲದೆ ಸಂದೇಶಗಳನ್ನು ಕಳುಹಿಸಬಹುದೆಂದು ನಿಯಮ ಮಾಡಿತು. ಇದರ ಹಿಂದೆ ನಿಂತು ಶ್ರಮಿಸಿದವರು ಆಯೋಗದ ಎಂಜಿನಿಯರ್ ಮೈಕೆಲ್ ಮಾರ್ಕಸ್. ಷರತ್ತುಗಳಿದ್ದವು: ಶಕ್ತಿ ಮಿತವಾಗಿರಬೇಕು, ಅಲೆಯನ್ನು ಅಗಲವಾಗಿ ಹರಡಿ ಕಳುಹಿಸಬೇಕು, ಬೇರೆಯವರಿಂದ ಅಡಚಣೆಯಾದರೆ ದೂರು ಕೊಡುವಂತಿಲ್ಲ. ನಮ್ಮ ಸರ್ಕಾರ ೨೦೦೫ರ ಜನವರಿ ೨೮ರ ಪ್ರಕಟಣೆಯಿಂದ ೨೪೦೦ರಿಂದ ೨೪೮೩.೫ ಮೆಗಾಹರ್ಟ್ಸಿನವರೆಗಿನ ಪಟ್ಟಿಯನ್ನು ಹೀಗೆಯೇ ಮುಕ್ತಗೊಳಿಸಿತು. ಅಡಿಗೆಮನೆಯಲ್ಲಿ ಮೈಕ್ರೋವೇವ್ ಒಲೆ ಹಚ್ಚಿದಾಗಲೆಲ್ಲ ಲ್ಯಾಪ್‌ಟಾಪಿನ ಸಂಪರ್ಕ ಕುಂಟುತ್ತಿದ್ದರೆ ಕಾರಣ ಇದೇ. ಆ ಜಾಗದಲ್ಲಿ ಒಲೆ ಮೊದಲ ಒಕ್ಕಲು. ರೌಟರು ಆಮೇಲೆ ಬಂದದ್ದು. ಒಲೆ ಆರಿದೊಡನೆ ಸಂಪರ್ಕ ಸರಿಹೋಗುವುದಾದರೆ ಯಂತ್ರವನ್ನು ದೂಷಿಸಬೇಕಾಗಿಲ್ಲ. ರೌಟರನ್ನು ಒಲೆಯಿಂದ ದೂರ ಇಟ್ಟರೆ, ಇಲ್ಲವೆ ೫ ಗಿಗಾಹರ್ಟ್ಸಿನ ಪಟ್ಟಿಗೆ ಬದಲಾಯಿಸಿದರೆ ಸಾಕು.

ಬಯಲು ಎಲ್ಲರಿಗೂ ಬಿಟ್ಟದ್ದಾದ ಮೇಲೆ ಅಲ್ಲಿ ಸರದಿಯ ಪ್ರಶ್ನೆ ಏಳುತ್ತದೆ. ನಾಲ್ಕು ಜನ ಒಟ್ಟಿಗೆ ಬಾಯಿ ತೆರೆದರೆ ಯಾರ ಮಾತೂ ಕೇಳುವುದಿಲ್ಲ. ಈ ಪ್ರಶ್ನೆಗೆ ಉತ್ತರ ಬಂದದ್ದು ಶಾಂತ ಮಹಾಸಾಗರದ ನಡುವಿನ ಹವಾಯಿ ದ್ವೀಪಗಳಿಂದ. ಅಲ್ಲಿನ ವಿಶ್ವವಿದ್ಯಾನಿಲಯದ ಶಾಖೆಗಳು ಬೇರೆ ಬೇರೆ ದ್ವೀಪಗಳಲ್ಲಿ ಚದರಿಹೋಗಿದ್ದವು. ಮುಖ್ಯ ಗಣಕಯಂತ್ರ ಇದ್ದದ್ದು ಒಂದೇ ಕಡೆ. ದೂರವಾಣಿ ತಂತಿಗಳಿಗೆ ಖರ್ಚು ಹೆಚ್ಚು, ನಂಬಿಕೆ ಕಡಮೆ. ಪ್ರಾಧ್ಯಾಪಕ ನಾರ್ಮನ್ ಅಬ್ರಾಮ್ಸನ್ನರೂ ಅವರ ಜೊತೆಗಾರರೂ ೧೯೭೧ರಲ್ಲಿ 'ಅಲೋಹಾ' ಎಂಬ ನಿಸ್ತಂತು ಜಾಲವನ್ನು ನಡೆಸಿ ತೋರಿಸಿದರು. ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿ ಜಾರುವ ಆಟದಲ್ಲಿ ಅಬ್ರಾಮ್ಸನ್ನರಿಗೆ ಬಹಳ ಪ್ರೀತಿಯಿತ್ತು. ಹವಾಯಿಗೆ ಅವರನ್ನು ಸೆಳೆದದ್ದರಲ್ಲಿ ಆ ಆಟಕ್ಕೂ ಪಾಲುಂಟು.

ಅವರ ಉಪಾಯ ಕೇಳಿದರೆ ಇಷ್ಟೇನೆ ಎನಿಸುತ್ತದೆ. ಸಂದೇಶವನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಮಾಡಿ, ಕಳುಹಿಸಬೇಕೆನಿಸಿದಾಗ ಕಳುಹಿಸಿಬಿಡುವುದು. ಮುಟ್ಟಿತೆಂಬ ಉತ್ತರ ಬಂದರೆ ಸರಿ. ಬಾರದಿದ್ದರೆ ಇನ್ನಾರದೋ ಪೊಟ್ಟಣಕ್ಕೆ ಡಿಕ್ಕಿ ಹೊಡೆದು ಹಾಳಾಗಿರಬೇಕೆಂದು ತಿಳಿದು, ಮನಬಂದಷ್ಟು ಹೊತ್ತು ತಡೆದು, ಮತ್ತೆ ಕಳುಹಿಸುವುದು. ಇಬ್ಬರೂ ಒಂದೇ ಅಳತೆಯಷ್ಟು ತಡೆದರೆ ಮತ್ತೆ ಡಿಕ್ಕಿಯೇ ಗತಿಯಾದ್ದರಿಂದ ಆ 'ಮನಬಂದಷ್ಟು' ಎಂಬುದರಲ್ಲಿಯೇ ಗುಟ್ಟಿದೆ. ಸರದಿ ಹೇಳಲು ಯಜಮಾನನಿಲ್ಲದ ಈ ಪದ್ಧತಿಯಲ್ಲಿ ನಷ್ಟವೂ ಇತ್ತು: ಹೆಚ್ಚೆಂದರೆ ಕಾಲದ ನೂರಕ್ಕೆ ೧೮ ಪಾಲು ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ೧೯೭೩ರಲ್ಲಿ ಈಥರ್‌ನೆಟ್ಟನ್ನು ರೂಪಿಸಿದ ರಾಬರ್ಟ್ ಮೆಟ್‌ಕಾಫ್ ಹವಾಯಿಯ ಈ ಕೆಲಸವನ್ನು ಅಭ್ಯಾಸ ಮಾಡಿದವರು. ಬಾಯಿ ತೆರೆಯುವ ಮುನ್ನ ಕಿವಿಗೊಟ್ಟು ಕೇಳಬೇಕೆಂಬ ಶಿಷ್ಟಾಚಾರ ಆ ಜಾಲದಲ್ಲಿ ಸೇರಿತು. ನಮ್ಮ ರೌಟರೂ ಲ್ಯಾಪ್‌ಟಾಪೂ ಇಂದಿಗೂ ಪಾಲಿಸುತ್ತಿರುವುದು ಈ ಎರಡು ಪಾಠಗಳನ್ನೇ: ಕೇಳು, ಮಾತನಾಡು, ಉತ್ತರ ಬಾರದಿದ್ದರೆ ತಡೆದು ಮತ್ತೆ ಹೇಳು.

ಸಂಜೆ ಏಳಾದ ಮೇಲೆ ಬಹುಮಹಡಿ ವಸತಿಗಳಲ್ಲಿ ಅಂತರಜಾಲ ತೆವಳುವುದೇಕೆಂಬುದು ಇದರಿಂದ ಅರ್ಥವಾಗುತ್ತದೆ. ೨.೪ ಗಿಗಾಹರ್ಟ್ಸಿನ ಪಟ್ಟಿಯಲ್ಲಿ ಚಾನೆಲುಗಳ ಸಂಖ್ಯೆ ೧೩ ಎಂದು ಕಂಡರೂ ಅವು ಐದೈದು ಮೆಗಾಹರ್ಟ್ಸಿನ ಅಂತರದಲ್ಲಿವೆ. ಒಂದು ಸಂಭಾಷಣೆಗೆ ಬೇಕಾದ ಅಗಲ ಸುಮಾರು ೨೦. ಹೀಗಾಗಿ ಒಂದನ್ನೊಂದು ತಾಗದೆ ನಿಲ್ಲುವ ಚಾನೆಲುಗಳು ಮೂರೇ: ೧, ೬ ಮತ್ತು ೧೧. ಇಲ್ಲಿ ಒಂದು ಸೂಕ್ಷ್ಮವಿದೆ. ಎಡಮನೆಯವರು ೧ರಲ್ಲಿ, ಬಲಮನೆಯವರು ೬ರಲ್ಲಿ ಇದ್ದಾರೆ, ನಾವು ಇಬ್ಬರನ್ನೂ ತಪ್ಪಿಸಿ ೩ಕ್ಕೆ ಹೋಗೋಣ ಎಂದುಕೊಂಡರೆ ಇಬ್ಬರೊಡನೆಯೂ ಜಗಳವಾಗುತ್ತದೆ. ಒಂದೇ ಚಾನೆಲಿನಲ್ಲಿದ್ದವರು ಪರಸ್ಪರರ ಮಾತನ್ನು ಗುರುತಿಸಿ ಸರದಿಗೆ ಕಾಯುತ್ತಾರೆ. ಅರ್ಧ ತಾಗಿಕೊಂಡವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಬರಿಯ ಗದ್ದಲ. ನೆರೆಯವನ ಜೊತೆ ಹಂಚಿಕೊಳ್ಳುವುದೇ ಮೇಲೆಂದು ಗಣಿತವೇ ಹೇಳುವ ಸ್ಥಳಗಳಲ್ಲಿ ಇದೂ ಒಂದು. ದೂರದ ಕೋಣೆಯಲ್ಲಿ ಕುಳಿತ ಲ್ಯಾಪ್‌ಟಾಪಿನದು ಇನ್ನೊಂದು ತೊಂದರೆ. ಸರಿಯಾಗಿ ಕೇಳಿಸದ್ದರಿಂದ ಅದು ಬಿಡಿಸಿ ಬಿಡಿಸಿ, ನಿಧಾನವಾಗಿ ಮಾತನಾಡುತ್ತದೆ. ಅದು ಮುಗಿಸುವತನಕ ಮನೆಯ ಉಳಿದ ಯಂತ್ರಗಳು ಕಾಯಬೇಕು.

ಕೋಣೆಗೂ ಕೋಣೆಗೂ ಇಷ್ಟು ವ್ಯತ್ಯಾಸವೇಕೆ? ಬೆಂಗಳೂರು ಕೇಂದ್ರದ್ದೆಂದು ಹಲವರಿಗೆ ನೆನಪಿರುವ ೬೧೨ ಕಿಲೋಹರ್ಟ್ಸಿನ ಅಲೆಯ ಉದ್ದ ೪೯೦ ಮೀಟರು. ಮನೆಯ ಗೋಡೆ ಅದಕ್ಕೆ ಲೆಕ್ಕವೇ ಅಲ್ಲ. ರೌಟರಿನ ೨.೪ ಗಿಗಾಹರ್ಟ್ಸಿನ ಅಲೆಯಾದರೋ ಗೇಣಿಗಿಂತ ಚಿಕ್ಕದು, ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಕಬ್ಬಿಣದ ಬೀರು, ಕನ್ನಡಿ, ನೀರಿನ ತೊಟ್ಟಿ, ಕಾಂಕ್ರೀಟಿನ ಗೋಡೆ ಎಲ್ಲವೂ ಅದನ್ನು ಹೀರುತ್ತವೆ, ಇಲ್ಲವೆ ತಿರುಗಿಸಿ ಎಸೆಯುತ್ತವೆ. ಒಂದೇ ಮಾತು ಹತ್ತು ದಾರಿಗಳಿಂದ, ಹತ್ತು ಗಳಿಗೆಗಳಲ್ಲಿ ಬಂದು ಮುಟ್ಟುತ್ತದೆ. ಗುಮ್ಮಟದೊಳಗೆ ಬೇಗ ಬೇಗ ಮಾತನಾಡಿದರೆ ಹೇಗೋ ಹಾಗೆ, ಹಿಂದಿನ ಶಬ್ದದ ಪ್ರತಿಧ್ವನಿ ಮುಂದಿನ ಶಬ್ದವನ್ನು ನುಂಗುತ್ತದೆ.

ಈ ಪ್ರತಿಧ್ವನಿಯನ್ನು ಗೆದ್ದವರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಸ್ಥೆಯಾದ ಸಿಎಸ್‌ಐಆರ್‌ಓದ ಜಾನ್ ಓ'ಸಲಿವನ್ ಮತ್ತು ಸಂಗಡಿಗರು ಮುಖ್ಯರು. ಓ'ಸಲಿವನ್ ಮೂಲತಃ ಆಕಾಶದ ರೇಡಿಯೋ ಅಲೆಗಳನ್ನು ಅಭ್ಯಾಸ ಮಾಡುತ್ತಿದ್ದವರು. ಚಿಕ್ಕ ಕಪ್ಪು ಕುಳಿಗಳು ಸ್ಫೋಟಿಸುತ್ತವೆಂದು ಸ್ಟೀಫನ್ ಹಾಕಿಂಗ್ ೧೯೭೪ರಲ್ಲಿ ಹೇಳಿದ್ದರಷ್ಟೆ; ಆ ಸ್ಫೋಟದ ಸದ್ದನ್ನು ಹುಡುಕಹೊರಟವರಲ್ಲಿ ಇವರೂ ಒಬ್ಬರು. ಸದ್ದು ಸಿಕ್ಕಲಿಲ್ಲ. ಆದರೆ ಮಸುಕಾದ ಸಂಕೇತವನ್ನು ಗಣಿತದಿಂದ ತಿಳಿಯಾಗಿಸುವ ಕೈಚಳಕ ಸಿದ್ಧಿಸಿತು. ೧೯೯೦ರ ದಶಕದ ಮೊದಲಿಗೆ ಅದನ್ನೇ ಕೋಣೆಯ ಪ್ರತಿಧ್ವನಿಗೆ ಪ್ರಯೋಗಿಸಿದರು. ಒಂದು ವೇಗದ ಧಾರೆಯನ್ನು ಹಲವು ನಿಧಾನದ ಧಾರೆಗಳಾಗಿ ಸೀಳಿ, ಪಕ್ಕಪಕ್ಕದ ಆವರ್ತನಗಳಲ್ಲಿ ಏಕಕಾಲಕ್ಕೆ ಕಳುಹಿಸುವುದು ಈ ಕ್ರಮದ ಸಾರ. ಒಂದೊಂದು ಧಾರೆಯೂ ನಿಧಾನವಾದ್ದರಿಂದ ಪ್ರತಿಧ್ವನಿ ಅಡಗುವಷ್ಟು ಬಿಡುವು ದೊರೆಯುತ್ತದೆ. ೧೯೯೬ರಲ್ಲಿ ಅಮೆರಿಕದ ಪೇಟೆಂಟು ಬಂತು. ಮುಂದೆ ಕೋರ್ಟು ಕಚೇರಿಗಳಾಗಿ ಆ ಸಂಸ್ಥೆಗೆ ೪೦ ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಮಿಕ್ಕ ಹಣ ಸಂದಿತು. ವೈ-ಫೈಯನ್ನು ಕಂಡುಹಿಡಿದವರು ಇವರೇ ಎಂಬ ಮಾತು ಅತಿಯಾಯಿತು. ೧೯೪೨ರಲ್ಲಿ ಆವರ್ತನ ನೆಗೆಸುವ ವಿಧಾನಕ್ಕೆ ಪೇಟೆಂಟು ಪಡೆದ ಚಿತ್ರತಾರೆ ಹೆಡಿ ಲಾಮಾರಳನ್ನು ವೈ-ಫೈಯ ತಾಯಿ ಎನ್ನುವುದೂ ಅಷ್ಟೇ ಅತಿ. ಹಲವರ ಕೈ ಸೇರಿ ಆದ ಅಡಿಗೆ ಇದು. ಮನೆಯವರಿಗೆ ಸಿಕ್ಕುವ ಬುದ್ಧಿಯೆಂದರೆ, ರೌಟರನ್ನು ಬೀರುವಿನ ಹಿಂದೆಯೋ ಟೆಲಿವಿಷನ್ನಿನ ಬೆನ್ನಿಗೋ ಅಡಗಿಸದೆ ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ ಇಡಬೇಕು. ಲ್ಯಾಪ್‌ಟಾಪನ್ನು ಒಂದು ಗೇಣು ಸರಿಸಿದರೂ ಕೆಲವೊಮ್ಮೆ ಗುಣ ಕಾಣುತ್ತದೆ. ಅದು ಭ್ರಮೆಯಲ್ಲ.

ಎಲ್ಲ ಕಂಪನಿಗಳ ಯಂತ್ರಗಳೂ ಒಂದೇ ಭಾಷೆಯಾಡುವಂತೆ ಆದದ್ದು ಆಮೇಲಿನ ಮಾತು. ಅಂಗಡಿಯ ಹಣ ಎಣಿಸುವ ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸಬೇಕೆಂದಿದ್ದ ಎನ್‌ಸಿಆರ್ ಕಂಪನಿಯಲ್ಲಿ ಇದರ ಮೊಳಕೆ; ಡಚ್ ಎಂಜಿನಿಯರ್ ವಿಕ್ ಹೇಯ್ಸ್ ಸಮಿತಿಯ ಅಧ್ಯಕ್ಷರು. ೧೯೯೭ರಲ್ಲಿ ೮೦೨.೧೧ ಎಂಬ ಮೊದಲ ನಿಯಮಾವಳಿ ಬಂತು. ೧೯೯೯ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸ್ಟೀವ್ ಜಾಬ್ಸ್, ಅಂತರಜಾಲಕ್ಕೆ ಸೇರಿಕೊಂಡಿದ್ದ ಲ್ಯಾಪ್‌ಟಾಪಿಗೆ ತಂತಿಯಿಲ್ಲವೆಂದು ತೋರಿಸಲು ಇಂದ್ರಜಾಲದವರ ಹಾಗೆ ಅದರ ಸುತ್ತ ದೊಡ್ಡ ಬಳೆಯೊಂದನ್ನು ಹಾಯಿಸಿದರು. 'ವೈ-ಫೈ' ಎಂಬ ಹೆಸರೂ ಅದೇ ವರ್ಷದ್ದು. ಜಾಹೀರಾತಿನವರು ಕಟ್ಟಿದ ಪದ. ಅದಕ್ಕೆ ವಿಸ್ತೃತ ರೂಪವೇನೂ ಇಲ್ಲ.

ಮೊದಲ ನಿಯಮಾವಳಿಯಲ್ಲಿದ್ದ ಬೀಗ ಬಹಳ ದುರ್ಬಲ. ೨೦೦೧ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ವಿದ್ವಾಂಸರು ಅದರ ಬಿರುಕನ್ನು ತೋರಿಸಿಕೊಟ್ಟರು. ೨೦೦೩, ೨೦೦೪ ಮತ್ತು ೨೦೧೮ರಲ್ಲಿ ಒಂದಕ್ಕಿಂತ ಒಂದು ಗಟ್ಟಿಯಾದ ಬೀಗಗಳು ಬಂದವು. ಗುಪ್ತಪದ ಸರಿಯಿದ್ದರೂ ಹಳೆಯ ಲ್ಯಾಪ್‌ಟಾಪು ಒಳಗೆ ಬರಲಾರದೆ ನಿಂತಿದ್ದರೆ, ರೌಟರು ಅದಕ್ಕೆ ತಿಳಿಯದ ಹೊಸ ಬೀಗವನ್ನೇ ಕೇಳುತ್ತಿರಬಹುದು. ಡಬ್ಲ್ಯೂಪಿಎ-೨, ಡಬ್ಲ್ಯೂಪಿಎ-೩ ಎರಡನ್ನೂ ಒಪ್ಪುವ ಏರ್ಪಾಡು ರೌಟರಿನಲ್ಲಿದ್ದರೆ ಅದನ್ನು ಆರಿಸಬಹುದು. ಅದಕ್ಕೂ ಹಿಂದಿನದಕ್ಕೆ ಇಳಿಯಬಾರದು.

ಇನ್ನು, ಬೀಸಣಿಗೆ ತುಂಬಿದ್ದೂ ಪುಟ ಬಾರದ ಕಾಯಿಲೆ. ಇದಕ್ಕೂ ಗಾಳಿಗೂ ಸಂಬಂಧವಿಲ್ಲ. ಇದು ವಿಳಾಸದ ಕಾಯಿಲೆ. ೧೯೮೧ರಲ್ಲಿ ಅಂತರಜಾಲದ ವಿಳಾಸಗಳನ್ನು ಗೊತ್ತುಮಾಡಿದವರು ಸುಮಾರು ೪೨೯ ಕೋಟಿ ಸಂಖ್ಯೆಗಳು ಸಾಕೆಂದು ತಿಳಿದರು. ಸಾಲದೆಂದು ಹತ್ತೇ ವರ್ಷಗಳಲ್ಲಿ ಗೊತ್ತಾಯಿತು. ೧೯೯೪ರ ಸುಮಾರಿಗೆ ಕಂಡುಕೊಂಡ ಉಪಾಯ ನಮ್ಮ ವಠಾರದಂಥದು: ಬೀದಿಗೆ ಒಂದೇ ಬಾಗಿಲ ನಂಬರು, ಒಳಗೆ ಹತ್ತು ಮನೆ. ಕಾಗದ ಬಂದರೆ ಒಳಗೆ ಯಾರಿಗೆಂದು ನೋಡಿ ಹಂಚುವವನು ರೌಟರು. ಒಳಮನೆಗಳ ನಂಬರು ಬಹುಮಟ್ಟಿಗೆ ೧೯೨.೧೬೮ ಎಂದು ಮೊದಲಾಗುತ್ತದೆ. ಅದನ್ನು ಕೊಡುವವನೂ ರೌಟರೇ. ಲ್ಯಾಪ್‌ಟಾಪಿನ ವಿಳಾಸ ೧೬೯.೨೫೪ ಎಂದು ಮೊದಲಾಗಿದ್ದರೆ, ಯಾರೂ ನಂಬರು ಕೊಡದೆ ಅದು ತಾನೇ ಒಂದನ್ನು ಬರೆದುಕೊಂಡಿದೆ ಎಂದರ್ಥ. ಸ್ವಿಚ್ಚು ಆರಿಸಿ ಹಾಕುವ ಮನೆಮದ್ದು ನಾಟುವುದು ಹೆಚ್ಚಾಗಿ ಇಲ್ಲಿಯೇ: ರೌಟರು ಹಳೆಯ ಲೆಕ್ಕ ಅಳಿಸಿ, ನಂಬರುಗಳನ್ನು ಹೊಸದಾಗಿ ಹಂಚುತ್ತದೆ.

ನಂಬರು ಸರಿಯಾಗಿದ್ದೂ ಪುಟ ಬಾರದಿದ್ದರೆ ಲ್ಯಾಪ್‌ಟಾಪನ್ನು ಒಂದು ತಂತಿಯಿಂದ ನೇರವಾಗಿ ರೌಟರಿಗೆ ಜೋಡಿಸಿ ನೋಡಬೇಕು. ತಂತಿಯಲ್ಲಿ ಬಂದು ಗಾಳಿಯಲ್ಲಿ ಬಾರದಿದ್ದರೆ ಮೇಲೆ ಹೇಳಿದ ಒಲೆ, ನೆರೆಮನೆ, ಬೀರು, ಬೀಗ ಇವುಗಳನ್ನು ಒಂದೊಂದಾಗಿ ವಿಚಾರಿಸತಕ್ಕದ್ದು. ತಂತಿಯಲ್ಲಿಯೂ ಬಾರದಿದ್ದರೆ ದೋಷ ಬಹುಪಾಲು ಬೀದಿಯಾಚೆಯದು. ಕಂಪನಿಗೆ ದೂರವಾಣಿ ಮಾಡಿದಾಗ ಈ ಸಂಗತಿಯನ್ನೇ ಮೊದಲು ಹೇಳಿದರೆ, ಒಮ್ಮೆ ಆರಿಸಿ ಹಾಕಿ ನೋಡಿ ಎಂಬ ಉತ್ತರವನ್ನು ಎರಡನೆಯ ಸಲ ಕೇಳುವುದು ತಪ್ಪೀತು.