ಪಟ್ಟಿಯಲ್ಲಿಲ್ಲದ ಅಪಾಯ: ವೆಲ್ಲಿಂಗ್ಟನ್ ಸುತ್ತಲಿನ ಬೆಟ್ಟಗಳಿಗೆ ರಕ್ಷಣೆಯ ಅನುದಾನ ಬಂದ ಬಗೆ

ನೀಲಗಿರಿಯ ಕೂನೂರಿಗೆ ಅಂಟಿಕೊಂಡಿರುವ ವೆಲ್ಲಿಂಗ್ಟನ್ ದಂಡುಪ್ರದೇಶಕ್ಕೆ ಮೊದಲು ಬೇರೆ ಹೆಸರಿತ್ತು. ಹತ್ತೊಂಬತ್ತನೆಯ ಶತಮಾನದ ಐವತ್ತರ ದಶಕದಲ್ಲಿ ಯುರೋಪಿಯನ್ ಸೈನಿಕರ ಆರೋಗ್ಯಧಾಮವಾಗಿ ಇಲ್ಲಿ ಬ್ಯಾರಕುಗಳು ಎದ್ದಾಗ, ಸಮೀಪದ ಜಗತಳ ಎಂಬ ಬಡಗರ ಹಟ್ಟಿಯ ಹೆಸರೇ ಆಂಗ್ಲ ದಾಖಲೆಗಳಲ್ಲಿ 'ಜಕಟಲ್ಲಾ' ಎಂದು ರೂಪಾಂತರಗೊಂಡು ನೆಲೆಗೆ ಅಂಟಿತು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಅವರ ಕಾಲದಲ್ಲಿ, 1860ರ ಹೊತ್ತಿಗೆ, ಅದು ವೆಲ್ಲಿಂಗ್ಟನ್ ಆಯಿತು. ಆ ಬಿರುದಿನ ಒಡೆಯನಾದ ಆರ್ಥರ್ ವೆಲ್ಲೆಸ್ಲಿ 1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಅಲ್ಲಿನ ಆಡಳಿತವನ್ನು ವಹಿಸಿಕೊಂಡಿದ್ದವನು. ಅದೇ ಪತನದ ಫಲವಾಗಿ ಮೈಸೂರಿನ ಕೈತಪ್ಪಿ ಕಂಪನಿಯ ವಶವಾದ ಬೆಟ್ಟಗಳಲ್ಲಿ ಅವನ ಹೆಸರು ಒಂದು ಹಟ್ಟಿಯ ಹೆಸರನ್ನು ಬದಿಗೆ ಸರಿಸಿತು.

ಈ ನಾಮಾಂತರ ಕೇವಲ ಸ್ಥಳನಾಮ ಅಧ್ಯಯನದ ವಿಷಯವಲ್ಲ. ಒಂದು ಪ್ರದೇಶವನ್ನು ಅಪಾಯದಿಂದ ಕಾಯಲು ಸರ್ಕಾರ ಹಣ ಕೊಡುವಾಗ, ಆ ಪ್ರದೇಶ ಮತ್ತು ಆ ಅಪಾಯ ಯಾವ ಹೆಸರಿನಿಂದ ಕಡತದಲ್ಲಿ ದಾಖಲಾಗಿವೆ ಎಂಬುದು ನಿರ್ಣಾಯಕವಾಗುತ್ತದೆ. ಸ್ಥಳೀಯ ತುರ್ತು ಪೂರ್ವಸಿದ್ಧತೆ ಹಾಗೂ ಭದ್ರತೆಗಾಗಿ ಬಂದ ಅನುದಾನಗಳ ಚರಿತ್ರೆಯನ್ನು ವೆಲ್ಲಿಂಗ್ಟನ್‌ನ ಸುತ್ತಮುತ್ತ ನಿಂತು ಓದಿದರೆ, ಅದು ಬಹುಮಟ್ಟಿಗೆ ಪಟ್ಟಿಗಳ ಚರಿತ್ರೆಯಾಗಿ ಕಾಣುತ್ತದೆ.

ಇಂಥ ಅನುದಾನದ ಆರಂಭಿಕ ರೂಪವೊಂದು ವಸಾಹತು ಕಾಲಕ್ಕೆ ಸೇರಿದ್ದು. 1857ರ ಬಂಡಾಯದ ನೆನಪು ಮಾಸುವ ಮೊದಲೇ, 1869ರಲ್ಲಿ ಭಾರತೀಯ ಸ್ವಯಂಸೇವಕರ ಕಾಯ್ದೆ ಜಾರಿಗೆ ಬಂದಿತು. ಅದರ ಬೆನ್ನಲ್ಲಿ ಹಲವೆಡೆ ಸ್ವಯಂಸೇವಕ ಪಡೆಗಳು ಹುಟ್ಟಿದವು. 1878ರಲ್ಲಿ ರೂಪುಗೊಂಡ ನೀಲಗಿರಿ ವಾಲಂಟಿಯರ್ ರೈಫಲ್ಸ್ ಅವುಗಳಲ್ಲಿ ಒಂದು. ತರಬೇತಿ ಪೂರೈಸಿದ ಪ್ರತಿ ಸ್ವಯಂಸೇವಕನ ಲೆಕ್ಕದಲ್ಲಿ ಸರ್ಕಾರ ಇಂಥ ಪಡೆಗಳಿಗೆ ತಲಾವಾರು ಅನುದಾನ ನೀಡುತ್ತಿತ್ತು. ಇವುಗಳಲ್ಲಿ ಸೇರುತ್ತಿದ್ದವರು ಮುಖ್ಯವಾಗಿ ಯುರೋಪಿಯನ್ ತೋಟಗಾರರು, ಅಧಿಕಾರಿಗಳು ಮತ್ತು ಆಂಗ್ಲೋ-ಇಂಡಿಯನ್ನರು. ಅಂದರೆ ಅನುದಾನ ಗುರುತಿಸಿದ ಅಪಾಯ ದಂಗೆ. ಅದು ಗುರುತಿಸಿದ ರಕ್ಷಕ ಬಿಳಿಯ. ಹಟ್ಟಿಗಳ ಜನ ಈ ಲೆಕ್ಕದಲ್ಲಿ ಕಾಯುವವರಾಗಿಯೂ ಇರಲಿಲ್ಲ, ಕಾಯಲ್ಪಡಬೇಕಾದವರಾಗಿಯೂ ಇರಲಿಲ್ಲ.

ಬೆಟ್ಟಕ್ಕೆ ನಿಜವಾದ ಭಯವಿದ್ದದ್ದು ಮಳೆಯಿಂದ. ಕೂನೂರು ಘಾಟಿಯ ಕಡಿದಾದ ಇಳಿಜಾರುಗಳ ಮೇಲೆ ರಸ್ತೆಯನ್ನೂ 1899ರಿಂದ ರೈಲುಹಳಿಯನ್ನೂ ಹೊತ್ತ ಮಣ್ಣು ಈಶಾನ್ಯ ಮಾರುತದ ತಿಂಗಳುಗಳಲ್ಲಿ ಮತ್ತೆ ಮತ್ತೆ ಜಾರಿತು. 1978 ಮತ್ತು 1979ರ ಮಳೆಗಾಲಗಳಲ್ಲಿ ಜಿಲ್ಲೆಯಾದ್ಯಂತ ನೂರಾರು ಸಣ್ಣ ದೊಡ್ಡ ಕುಸಿತಗಳು ಸಂಭವಿಸಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ನೀಲಗಿರಿಯ ಭೂಕುಸಿತಗಳ ಬಗ್ಗೆಯೇ ಪ್ರತ್ಯೇಕ ಅಧ್ಯಯನ ನಡೆಸಿ 1982ರಲ್ಲಿ ಪ್ರಕಟಿಸಿತು. ಹೀಗೆ ಯಾವ ಇಳಿಜಾರು ಜಾರಬಹುದು ಎಂಬ ಜ್ಞಾನ ಎಂಬತ್ತರ ದಶಕದ ಆರಂಭಕ್ಕೇ ಸರ್ಕಾರದ ಕೈಯಲ್ಲಿತ್ತು. ಆ ಜ್ಞಾನವನ್ನು ಹಣವನ್ನಾಗಿ ಪರಿವರ್ತಿಸುವ ಶೀರ್ಷಿಕೆ ಇರಲಿಲ್ಲ.

ಇದ್ದದ್ದು ಇನ್ನೊಂದು ಬಗೆಯ ಶೀರ್ಷಿಕೆ. ಐದನೆಯ ಪಂಚವಾರ್ಷಿಕ ಯೋಜನೆಯಲ್ಲಿ ಆರಂಭವಾದ ಗುಡ್ಡಗಾಡು ಪ್ರದೇಶಾಭಿವೃದ್ಧಿ ಕಾರ್ಯಕ್ರಮ ಅಸ್ಸಾಮಿನ ಎರಡು ಜಿಲ್ಲೆಗಳು, ಉತ್ತರ ಪ್ರದೇಶದ ಅಂದಿನ ಬೆಟ್ಟದ ಜಿಲ್ಲೆಗಳು ಮತ್ತು ಪಶ್ಚಿಮ ಬಂಗಾಳದ ಡಾರ್ಜಿಲಿಂಗ್ ಪ್ರದೇಶದೊಂದಿಗೆ ನೀಲಗಿರಿಯನ್ನೂ ಒಳಗೊಂಡಿತ್ತು. ಮಣ್ಣಿನ ಸಂರಕ್ಷಣೆ, ಜಲಾನಯನದ ಕೆಲಸ, ತಡೆಗೋಡೆಗಳಿಗೆ ಇದರಡಿ ಕೇಂದ್ರದ ವಿಶೇಷ ನೆರವು ಬರುತ್ತಿತ್ತು. ಇದು ಹೆಸರಿನಲ್ಲಿ ಅಭಿವೃದ್ಧಿ. ಪರಿಣಾಮದಲ್ಲಿ ಬಹುಪಾಲು ಪೂರ್ವಸಿದ್ಧತೆ. ಯೋಜನಾ ಆಯೋಗದ ಕಾಲ ಮುಗಿದೊಡನೆ ಈ ಕೇಂದ್ರ ನೆರವೂ ಕೊನೆಗೊಂಡಿತು. ಒಂದು ಜಿಲ್ಲೆಯನ್ನು 'ಗುಡ್ಡಗಾಡು' ಎಂದು ಗುರುತಿಸಿ ಹಣ ಕೊಡುವ ಪದ್ಧತಿ ದಿಲ್ಲಿಯ ಲೆಕ್ಕಪತ್ರದಿಂದ ಮರೆಯಾಯಿತು.

ಪರಿಹಾರದ ಹಣದ ಕಥೆ ಬೇರೆ. ಒಂಬತ್ತನೆಯ ಹಣಕಾಸು ಆಯೋಗದ ಶಿಫಾರಸಿನಂತೆ 1990ರಲ್ಲಿ ಪ್ರತಿ ರಾಜ್ಯದಲ್ಲೂ ವಿಕೋಪ ಪರಿಹಾರ ನಿಧಿ ಸ್ಥಾಪನೆಯಾಯಿತು. ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಈ ನಿಧಿಯಿಂದ ವೆಚ್ಚ ಮಾಡಬಹುದಾದ ವಿಕೋಪಗಳ ಪಟ್ಟಿಯಲ್ಲಿ ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹಗಳಿದ್ದವು, ಭೂಕುಸಿತ ಇರಲಿಲ್ಲ. 1993ರ ನವೆಂಬರಿನಲ್ಲಿ ಕೂನೂರು-ಮೇಟುಪಾಳ್ಯಂ ರಸ್ತೆಯ ಮರಪ್ಪಾಲಂನಲ್ಲಿ ಗುಡ್ಡ ಜಾರಿ ರಸ್ತೆಯನ್ನೂ ಮನೆಗಳನ್ನೂ ಜನರನ್ನೂ ಒಯ್ದಾಗ, ಪಟ್ಟಿಯ ಭಾಷೆಯಲ್ಲಿ ಆ ದುರಂತಕ್ಕೆ ಸ್ವಂತ ಹೆಸರಿರಲಿಲ್ಲ. ಮಳೆ, ಪ್ರವಾಹ ಎಂಬ ಹೆಸರುಗಳ ಆಶ್ರಯದಲ್ಲಿ ಮಾತ್ರ ಅದು ನಿಧಿಯ ಬಾಗಿಲಿಗೆ ಹೋಗಬಹುದಿತ್ತು. ಭೂಕುಸಿತ, ಹಿಮಕುಸಿತ, ಮೇಘಸ್ಫೋಟ ಮತ್ತು ಕೀಟಬಾಧೆ ಪಟ್ಟಿಗೆ ಸೇರಿದ್ದು ಹನ್ನೆರಡನೆಯ ಹಣಕಾಸು ಆಯೋಗದ ಅವಧಿಯಲ್ಲಿ, 2005ರಿಂದ. ಭೂವಿಜ್ಞಾನಿಗಳು ಗುರುತಿಸಿದ ಅಪಾಯಕ್ಕೆ ಲೆಕ್ಕಪತ್ರದಲ್ಲಿ ಹೆಸರು ಸಿಗಲು ಸುಮಾರು ಕಾಲು ಶತಮಾನ ಹಿಡಿಯಿತು.

ಅದೇ 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದಿತು. ಅದು ವಿಪತ್ತನ್ನು ವಿಶಾಲವಾಗಿ ವ್ಯಾಖ್ಯಾನಿಸಿತು: ಪ್ರಕೃತಿಯಿಂದಾಗಲಿ, ಮನುಷ್ಯನಿಂದಾಗಲಿ, ಅಪಘಾತ ಅಥವಾ ನಿರ್ಲಕ್ಷ್ಯದಿಂದಾಗಲಿ ಉಂಟಾಗುವ ಮಹಾಹಾನಿಯೆಲ್ಲವೂ ಅದರ ವ್ಯಾಪ್ತಿಗೆ ಸೇರಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರ ರಚನೆಯಾಗಬೇಕೆಂದೂ, ಸ್ಪಂದನೆಗೆ ಒಂದು, ಅಪಾಯವನ್ನು ಮೊದಲೇ ತಗ್ಗಿಸಲು ಇನ್ನೊಂದು ಎಂಬಂತೆ ಎರಡು ಬಗೆಯ ನಿಧಿಗಳಿರಬೇಕೆಂದೂ ಅದು ವಿಧಿಸಿತು. ಸ್ಪಂದನೆಯ ನಿಧಿ 2010ರಿಂದ ನಡೆಯತೊಡಗಿತು. ಉಪಶಮನದ ರಾಷ್ಟ್ರೀಯ ನಿಧಿಗೆ ಅಧಿಸೂಚನೆ ಹೊರಟದ್ದು 2021ರ ಫೆಬ್ರುವರಿಯಲ್ಲಿ. ಈ ನಡುವಣ ಅವಧಿಯಲ್ಲಿ, 2009ರ ನವೆಂಬರಿನಲ್ಲಿ, ಕೂನೂರು ಮತ್ತು ಕೇತಿಯ ಸುತ್ತಮುತ್ತ 40ಕ್ಕೂ ಹೆಚ್ಚು ಜನ ಮಣ್ಣಿನಡಿ ಪ್ರಾಣ ಕಳೆದುಕೊಂಡರು. 2019ರ ಆಗಸ್ಟ್ 8ರಂದು ಉದಕಮಂಡಲಕ್ಕೆ ಪಶ್ಚಿಮದ ಅವಲಾಂಚಿಯಲ್ಲಿ 24 ಗಂಟೆಗಳಲ್ಲಿ 820 ಮಿಲಿಮೀಟರ್ ಮಳೆ ಸುರಿಯಿತು.

ಭಯೋತ್ಪಾದನೆಯನ್ನು ತಡೆಯುವ ಹಣ ಈ ಎಲ್ಲದರಿಂದ ಪ್ರತ್ಯೇಕವಾದ ಕಾಲುವೆಯಲ್ಲಿ ಹರಿದಿದೆ. ಪೊಲೀಸ್ ಪಡೆಗಳ ಆಧುನೀಕರಣಕ್ಕೆ ಕೇಂದ್ರದ ನೆರವು 1969-70ರಿಂದ ರಾಜ್ಯಗಳಿಗೆ ಬರುತ್ತಿದೆ. 1998ರ ಫೆಬ್ರುವರಿ 14ರಂದು ಬೆಟ್ಟದ ತಪ್ಪಲಿನ ಕೊಯಮತ್ತೂರಿನಲ್ಲಿ ನಡೆದ ಸರಣಿ ಸ್ಫೋಟಗಳು 58 ಜನರನ್ನು ಬಲಿ ತೆಗೆದುಕೊಂಡ ಮೇಲೆ ಆ ಭಯ ನೀಲಗಿರಿಗೂ ದೂರದ್ದಾಗಿ ಉಳಿಯಲಿಲ್ಲ. ವೆಲ್ಲಿಂಗ್ಟನ್‌ನಲ್ಲಿ ರಕ್ಷಣಾ ಸೇವೆಗಳ ಸಿಬ್ಬಂದಿ ಕಾಲೇಜು ಮತ್ತು ಮದ್ರಾಸ್ ರೆಜಿಮೆಂಟಿನ ಕೇಂದ್ರ, ಪಕ್ಕದ ಅರವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಇರುವ ಕಾರ್ಡೈಟ್ ಕಾರ್ಖಾನೆ ಇವೆ. ಇವುಗಳ ಕಾವಲು ರಕ್ಷಣಾ ಇಲಾಖೆಯ ಲೆಕ್ಕದಲ್ಲಿದೆ. ಬೇಲಿಯ ಆಚೆಗಿನ ಊರಿನದು ಗೃಹ ಇಲಾಖೆಯ ಲೆಕ್ಕದಲ್ಲಿ. ಅದರ ಮೇಲಣ ಇಳಿಜಾರಿನದು ಕಂದಾಯ ಇಲಾಖೆಯ ಲೆಕ್ಕದಲ್ಲಿ. ದಂಡುಮಂಡಳಿಯೋ ರಾಜ್ಯದ ಸ್ಥಳೀಯ ಸಂಸ್ಥೆಗಳ ಸಾಲಿನಲ್ಲಿ ನಿಲ್ಲುವುದಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ನೀಡುವ ಅನುದಾನದಲ್ಲಿ ದಂಡುಮಂಡಳಿಗಳಿಗೂ ಜನಸಂಖ್ಯೆಗೆ ತಕ್ಕ ಪಾಲು ಸಿಗಬೇಕೆಂದು ಹದಿನೈದನೆಯ ಹಣಕಾಸು ಆಯೋಗ ಪ್ರತ್ಯೇಕವಾಗಿ ಹೇಳಬೇಕಾಯಿತು.

ಅಮೆರಿಕದ ದಾರಿ ಇದಕ್ಕೆ ವಿರುದ್ಧವಾದದ್ದು. 2001ರ ಸೆಪ್ಟೆಂಬರ್ ದಾಳಿಯ ನಂತರ ಅಲ್ಲಿ ಭಯೋತ್ಪಾದನೆಯ ತಡೆ ಮತ್ತು ವಿಪತ್ತಿನ ಪೂರ್ವಸಿದ್ಧತೆ ಒಂದೇ ಇಲಾಖೆಯ ಅನುದಾನಗಳ ಅಡಿಗೆ ಬಂದವು. 2005ರ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಒಂದು ಭಯಕ್ಕೆ ಕೊಟ್ಟ ಗಮನ ಇನ್ನೊಂದನ್ನು ಮರೆಸಿತೆಂಬ ವಿಮರ್ಶೆ ತೀವ್ರವಾಯಿತು. ಆದರೂ 2007ರ ಕಾಯ್ದೆ ರಾಜ್ಯ ಮತ್ತು ನಗರಗಳ ಭದ್ರತಾ ಅನುದಾನದಲ್ಲಿ ಕನಿಷ್ಠ ಶೇ. 25ರಷ್ಟನ್ನು ಭಯೋತ್ಪಾದನೆ ತಡೆಯುವ ಪೊಲೀಸ್ ಕಾರ್ಯಕ್ಕೆ ಮೀಸಲಿಟ್ಟಿತು. ಚೀಲ ಒಂದಾದರೆ ಪ್ರಬಲವಾದ ಭಯ ದುರ್ಬಲವಾದುದನ್ನು ನುಂಗುತ್ತದೆ. ಭಾರತದಲ್ಲಿರುವಂತೆ ಚೀಲಗಳು ಹಲವಾದರೆ, ಎರಡರ ನಡುವೆ ಬೀಳುವ ಘಟನೆಗೆ ಚೀಲವೇ ಇರುವುದಿಲ್ಲ.

ಅಂಥ ಘಟನೆ ವೆಲ್ಲಿಂಗ್ಟನ್‌ನ ಹತ್ತಿರದಲ್ಲೇ ನಡೆಯಿತು. 2021ರ ಡಿಸೆಂಬರ್ 8ರಂದು ಸೂಲೂರಿನಿಂದ ಹೊರಟು ಸಿಬ್ಬಂದಿ ಕಾಲೇಜಿಗೆ ಬರುತ್ತಿದ್ದ ವಾಯುಪಡೆಯ ಹೆಲಿಕಾಪ್ಟರ್ ಕೂನೂರಿನ ಬಳಿಯ ನಂಜಪ್ಪಛತ್ರದಲ್ಲಿ ಪತನವಾಯಿತು. ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಸೇರಿದಂತೆ ಅದರಲ್ಲಿದ್ದ 14 ಜನರಲ್ಲಿ 13 ಮಂದಿ ಅಂದೇ ತೀರಿಕೊಂಡರು. ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಒಂದು ವಾರದ ನಂತರ ಬೆಂಗಳೂರಿನಲ್ಲಿ ನಿಧನರಾದರು. ಸ್ಥಳಕ್ಕೆ ಮೊದಲು ಓಡಿಬಂದವರು ಆ ಊರಿನ ನಿವಾಸಿಗಳು. ಕೊಡಗಳಲ್ಲಿ ನೀರು ಹೊತ್ತು ಬೆಂಕಿಗೆ ಸುರಿದರು. ತಮ್ಮ ಮನೆಯ ಕಂಬಳಿಗಳನ್ನೇ ಗಾಯಾಳುಗಳನ್ನು ಹೊರುವ ಡೋಲಿಗಳನ್ನಾಗಿ ಮಾಡಿದರು. ಕಾಯ್ದೆಯ ವಿಶಾಲ ವ್ಯಾಖ್ಯಾನದಲ್ಲಿ ಅಪಘಾತಕ್ಕೂ ಸ್ಥಾನವಿದೆ. ನಿಧಿಯ ಪಟ್ಟಿಯಲ್ಲಿರುವುದು ಪ್ರಕೃತಿ ವಿಕೋಪಗಳು ಮಾತ್ರ. ಆ ಕಂಬಳಿಗಳು ಯಾವ ಶೀರ್ಷಿಕೆಯಲ್ಲೂ ಖರೀದಿಯಾದವಲ್ಲ. ಸೇನೆ ಅನಂತರ ಊರಿನವರಿಗೆ ಬಹಿರಂಗವಾಗಿ ಕೃತಜ್ಞತೆ ಹೇಳಿ, ಕಂಬಳಿಗಳನ್ನು ಹಂಚಿ, ಒಂದು ವರ್ಷದ ಕಾಲ ಪ್ರತಿ ತಿಂಗಳು ವೈದ್ಯರನ್ನು ಕಳುಹಿಸುವುದಾಗಿ ಪ್ರಕಟಿಸಿತು. ಅದು ಋಣದ ಸಂದಾಯ, ಸಿದ್ಧತೆಯ ಅನುದಾನವಲ್ಲ.

ಅದೇ ವರ್ಷ ಹೊಸ ವ್ಯವಸ್ಥೆ ಜಾರಿಗೆ ಬಂದಿತ್ತು. 2021-26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಗಳಿಗೆ ಹದಿನೈದನೆಯ ಹಣಕಾಸು ಆಯೋಗ 1,60,153 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿತು. ಇದರಲ್ಲಿ ಶೇ. 20 ಉಪಶಮನಕ್ಕೆ, ಶೇ. 10 ಪೂರ್ವಸಿದ್ಧತೆ ಮತ್ತು ಸಾಮರ್ಥ್ಯವರ್ಧನೆಗೆ ಮೀಸಲು. ಪರಿಹಾರದ ಹಣದೊಳಗೆ ಸಿದ್ಧತೆಗೆಂದೇ ಖಚಿತವಾದ ಪಾಲು ದೊರೆತದ್ದು ಮಹತ್ವದ ತಿರುವು. ಆದರೆ ರಾಷ್ಟ್ರೀಯ ಉಪಶಮನ ನಿಧಿಯಲ್ಲಿ ಭೂಕಂಪ ಮತ್ತು ಭೂಕುಸಿತಕ್ಕೆಂದು ಆಯೋಗ ತೆಗೆದಿರಿಸಿದ 750 ಕೋಟಿ ರೂಪಾಯಿ ಹತ್ತು 'ಗುಡ್ಡಗಾಡು ರಾಜ್ಯ'ಗಳಿಗಾಗಿ ಇತ್ತು. ತಮಿಳುನಾಡಿನಲ್ಲಿ ಚೆನ್ನೈ ನಗರದ ಪ್ರವಾಹಕ್ಕೆ 500 ಕೋಟಿ ಮೀಸಲಾಯಿತು. ಹಿಂದೊಮ್ಮೆ ಗುಡ್ಡಗಾಡು ಜಿಲ್ಲೆಯೆಂದು ಗುರುತಿಸಲ್ಪಟ್ಟಿದ್ದ ನೀಲಗಿರಿ, ಗುಡ್ಡಗಾಡಲ್ಲದ ರಾಜ್ಯದಲ್ಲಿದೆ ಎಂಬ ಕಾರಣಕ್ಕೆ ಆ ಸಾಲಿನಿಂದ ಹೊರಗುಳಿಯಿತು. ಕೊಡಗು ಮತ್ತು ವಯನಾಡುಗಳಿಗೂ ಇದೇ ಗತಿ.

2024ರ ಜುಲೈ 30ರಂದು ಗೂಡಲೂರಿನ ಆಚೆಯ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್ಮಲೆಗಳು ಕೊಚ್ಚಿಹೋದ ಬಳಿಕ ಪಟ್ಟಿ ಮತ್ತೆ ತಿದ್ದಲ್ಪಟ್ಟಿತು. ಆ ವರ್ಷದ ನವೆಂಬರಿನಲ್ಲಿ ಕೇಂದ್ರದ ಉನ್ನತ ಮಟ್ಟದ ಸಮಿತಿ 15 ರಾಜ್ಯಗಳಲ್ಲಿ ಭೂಕುಸಿತದ ಅಪಾಯ ತಗ್ಗಿಸಲು 1,000 ಕೋಟಿ ರೂಪಾಯಿಯ ಕಾರ್ಯಕ್ರಮಕ್ಕೆ ಒಪ್ಪಿಗೆ ನೀಡಿತು. ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ತಲಾ 72 ಕೋಟಿ. ಅದೇ ಸಭೆ 28 ರಾಜ್ಯಗಳಲ್ಲಿ ಪೌರರಕ್ಷಣಾ ಸ್ವಯಂಸೇವಕರ ತರಬೇತಿಗಾಗಿ 115.67 ಕೋಟಿ ರೂಪಾಯಿಗಳನ್ನು ವಿಪತ್ತು ನಿಧಿಯ ಸಿದ್ಧತೆಯ ಪಾಲಿನಿಂದಲೇ ಮಂಜೂರು ಮಾಡಿತು. ಯುದ್ಧಕಾಲದ ಅಗತ್ಯಗಳಿಗಾಗಿ 1968ರ ಕಾಯ್ದೆಯಿಂದ ರೂಪುಗೊಂಡಿದ್ದ ಪೌರರಕ್ಷಣೆಯ ವ್ಯಾಪ್ತಿಗೆ 2009ರ ತಿದ್ದುಪಡಿ ವಿಪತ್ತು ನಿರ್ವಹಣೆಯನ್ನೂ ಸೇರಿಸಿತ್ತು. ಈಗ ಎರಡು ಕಾಲುವೆಗಳು ಲೆಕ್ಕಪತ್ರದಲ್ಲೂ ಒಂದೆಡೆ ಕೂಡಿದವು.

ಈ ಹಣ ಯಾವ ಭಾಷೆಯಲ್ಲಿ ಹಟ್ಟಿಯನ್ನು ತಲುಪುತ್ತದೆ ಎಂಬ ಪ್ರಶ್ನೆ ಉಳಿದಿದೆ. ಇಲ್ಲಿಯೂ ಒಂದು ಪಟ್ಟಿಯಿದೆ. 2011ರ ಜನಗಣತಿ ಸುಮಾರು 1.33 ಲಕ್ಷ ಬಡಗ ಭಾಷಿಕರನ್ನು ಕನ್ನಡದ ಶೀರ್ಷಿಕೆಯಡಿಯ ಮಾತೃಭಾಷೆಯಾಗಿ ಎಣಿಸಿತು. ಅವರು ವಾಸಿಸುವ ರಾಜ್ಯದ ಆಡಳಿತ ಭಾಷೆ ತಮಿಳು. ದಂಡಿನ ವ್ಯವಹಾರ ಇಂಗ್ಲಿಷ್ ಮತ್ತು ಹಿಂದಿಯದು. ಬಡಗರಲ್ಲಿ ಬಹುತೇಕರು ತಮಿಳನ್ನೂ ಬಲ್ಲವರಾದ್ದರಿಂದ ಎಚ್ಚರಿಕೆಯ ಸಂದೇಶ ಅರ್ಥವಾಗದೆಂದು ವಾದಿಸುವಂತಿಲ್ಲ. ಆದರೆ ಸಿದ್ಧತೆ ಎಂದರೆ ಸಂದೇಶ ಮುಟ್ಟಿಸುವುದಷ್ಟೇ ಅಲ್ಲ. ಯಾವ ತೊರೆ ಎತ್ತ ಹರಿಯುತ್ತಿತ್ತು, ಯಾವ ಜೌಗಿನ ಮೇಲೆ ಮನೆ ಎದ್ದಿದೆ, ಹಿರಿಯರು ಯಾವ ಇಳಿಜಾರಿನಲ್ಲಿ ಹಟ್ಟಿ ಕಟ್ಟದೆ ಬಿಟ್ಟರು ಎಂಬ ತಿಳಿವನ್ನು ಜನರಿಂದ ಪಡೆಯುವುದೂ ಹೌದು. ಆ ತಿಳಿವು ಬಡಗು, ತೋದ, ಕೋತ, ಇರುಳ ಮೊದಲಾದ ನುಡಿಗಳಲ್ಲಿ, ಅವುಗಳ ಸ್ಥಳನಾಮಗಳಲ್ಲಿ ಇದೆ. ಅದನ್ನು ಸಂಗ್ರಹಿಸಿ ಜಿಲ್ಲೆಯ ವಿಪತ್ತು ಯೋಜನೆಗೆ ಒದಗಿಸುವ ಕೆಲಸ ಶೇ. 10ರ ಸಾಮರ್ಥ್ಯವರ್ಧನೆಯ ಅರ್ಥವ್ಯಾಪ್ತಿಗೆ ನ್ಯಾಯವಾಗಿಯೇ ಸೇರುತ್ತದೆ. ಭಾಷಾ ಸಂಶೋಧನೆಗೂ ವಿಪತ್ತಿನ ಅನುದಾನಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಇಲಾಖೆಗಳ ವಿಂಗಡಣೆಯಿಂದ ಹುಟ್ಟಿದ್ದೇ ಹೊರತು ಬೆಟ್ಟದ ಸ್ವಭಾವದಿಂದ ಹುಟ್ಟಿದ್ದಲ್ಲ.

ಒಂದೂವರೆ ಶತಮಾನದ ಈ ಚರಿತ್ರೆಯಲ್ಲಿ ಪಟ್ಟಿಗಳು ತಾವಾಗಿ ಬದಲಾಗಲಿಲ್ಲ. ಬಹುಪಾಲು ಸೇರ್ಪಡೆಗಳ ಹಿಂದೆ ಒಂದು ದುರಂತವಿದೆ. ಸೇರ್ಪಡೆ ಯಾವಾಗಲೂ ತಡವಾಗಿ ಬಂದಿದೆ. ಜಗತಳದ ಹೆಸರು ಭೂಪಟದಿಂದ ಪೂರ್ತಿ ಅಳಿದಿಲ್ಲ. ದಂಡಿನ ಬೇಲಿಯ ಪಕ್ಕದಲ್ಲಿ ಆ ಹಟ್ಟಿ ಇಂದಿಗೂ ಇದೆ. ಮುಂದಿನ ಪಟ್ಟಿ ಸಿದ್ಧವಾಗುವಾಗ ಅದರ ಇಳಿಜಾರಿನ ಹೆಸರೂ, ಅದನ್ನು ಬಲ್ಲವರ ಮಾತೂ ಕಡತದಲ್ಲಿರಬೇಕಾದರೆ, ಬರೆದಿಡುವ ಕೆಲಸ ಮುಂದಿನ ಮಳೆಗೆ ಮೊದಲೇ ಆಗಬೇಕು.