ನೀಲಿ ಬಟ್ಟೆಯೊಳಗಿನ ಆಟಗಾರ

ಚೀನಾದ ಚಕ್ರವರ್ತಿಗಳ ಚಿತ್ರಗಳಿಗಿಂತ ಅಲ್ಲಿಯ ಬೀದಿಯ ಬೊಂಬೆಯಾಟದವನ ಒಂದು ಜಲವರ್ಣ ಚಿತ್ರವೇ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ಮಣೆಯ ಮೇಲೆ ನಿಂತ ಒಬ್ಬ ಮನುಷ್ಯ. ತಲೆಯಿಂದ ಕಾಲಿನ ಹರಡಿನವರೆಗೆ ನೀಲಿ ಬಟ್ಟೆಯ ಮುಸುಕು. ನೆತ್ತಿಯ ಮೇಲೊಂದು ಪುಟ್ಟ ರಂಗಮಂಟಪ. ಆಟಗಾರನ ಮೈಯಲ್ಲಿ ನಮಗೆ ಕಾಣುವುದು ಅವನ ಪಾದಗಳು ಮಾತ್ರ.

ಇಂಥ ಚಿತ್ರಗಳ ತವರು ಕ್ಯಾಂಟನ್, ಎಂದರೆ ಇಂದಿನ ಗುವಾಂಗ್‌ಝೌ ನಗರ. ಅಲ್ಲಿ ಪೂ-ಕ್ವಾ ಎಂಬ ಹೆಸರಿನಲ್ಲಿ ತಯಾರಾದ ಚಿತ್ರಗಳನ್ನು ಜಾರ್ಜ್ ಹೆನ್ರಿ ಮೇಸನ್ ಎಂಬ ಆಂಗ್ಲ ಸೇನಾಧಿಕಾರಿ 1800ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದನು. 60 ಚಿತ್ರಗಳ ಆ ಗ್ರಂಥದಲ್ಲಿ ನಮ್ಮ ಬೊಂಬೆಯಾಟದವನೂ ಇದ್ದಾನೆ.

ಬೀದಿಯ ಬಡವನ ಚಿತ್ರಕ್ಕೆ ಇಷ್ಟು ಬೆಲೆ ಬಂದುದೇಕೆ? 1757ರಲ್ಲಿ ಚಕ್ರವರ್ತಿ ಛಿಯಾನ್‌ಲಾಂಗ್ ಐರೋಪ್ಯರ ಕಡಲ ವ್ಯಾಪಾರವನ್ನು ಕ್ಯಾಂಟನ್ ಒಂದಕ್ಕೇ ಸೀಮಿತಗೊಳಿಸಿದನು. ಅಲ್ಲಿಯೂ ವರ್ತಕರ ವಾಸ ಕೋಟೆಯ ಹೊರಗೆ, ನದಿಯ ದಡದಲ್ಲಿ, ಊರೊಳಗೆ ಕಾಲಿಡುವಂತಿಲ್ಲ. 1842ರ ನಾನ್‌ಕಿಂಗ್ ಒಪ್ಪಂದದವರೆಗೂ ಇದೇ ವ್ಯವಸ್ಥೆ. ಬೀದಿಗೆ ಹೋಗಲಾಗದವರ ಬಳಿಗೆ ಬೀದಿಯೇ ಬಣ್ಣದಲ್ಲಿ ಬಂದಿತು! ಕಾರ್ಖಾನೆಯ ಕೆಲಸದಂತೆ ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಿದ್ದ. ಒಂದೇ ಮಾದರಿಯಿಂದ ಹಲವು ಪ್ರತಿಗಳು. ನಮ್ಮ ತಿರುಚಿರಾಪಳ್ಳಿಯ ಕಲಾವಿದರು ಅಭ್ರಕದ ಹಾಳೆಗಳ ಮೇಲೆ ಕಸುಬುದಾರರ ಚಿತ್ರ ಬರೆದು ಕಂಪನಿಯ ದೊರೆಗಳಿಗೆ ಮಾರಿದ್ದೂ ಇದೇ ಬಗೆಯ ವ್ಯಾಪಾರ.

ಹಾಗಾದರೆ ಇದನ್ನು ಚರಿತ್ರೆಯ ಸಾಕ್ಷ್ಯವೆಂದು ನಂಬಬಹುದೇ? ಕಸುಬಿನ ಮಟ್ಟಿಗೆ ನಂಬಬಹುದೆಂದು ನನ್ನ ಅಭಿಪ್ರಾಯ. ಚೀನಿಯರು ಈ ಬಗೆಯ ಆಟವನ್ನು ‘ಬಿಯೆನ್‌ದಾನ್ ಶೀ’, ಅಂದರೆ ಅಡ್ಡೆಯ ಆಟ ಎನ್ನುತ್ತಾರೆ. ರಂಗಮಂಟಪವನ್ನೂ ಬೊಂಬೆಗಳನ್ನೂ ಊರೂರಿಗೆ ಹೊತ್ತು ತರುವ ಹೆಗಲಡ್ಡೆಯೇ ಆಟದ ಹೊತ್ತಿನಲ್ಲಿ ರಂಗಕ್ಕೆ ಆಧಾರ. ಕೈಗಳಿಗೆ ಬೊಂಬೆ, ಬಾಯಿಗೆ ಪೀಪಿ, ಕಾಲಿಗೆ ಜಾಗಟೆ: ಇಡೀ ಮೇಳವೇ ಒಬ್ಬ ಮನುಷ್ಯ. ಚಿತ್ರಕಾರನು ಕಂಡದ್ದನ್ನು ತಪ್ಪಾಗಿ ಬರೆದಿಲ್ಲ.

ಆದರೆ ಮನುಷ್ಯನ ವಿಷಯದಲ್ಲಿ ಈ ಚಿತ್ರ ಮೂಕ. ಹಿನ್ನೆಲೆ ಬರಿದು, ಬೀದಿಯಿಲ್ಲ, ನಕ್ಕ ಮಕ್ಕಳಿಲ್ಲ, ಕಾಸು ಎಸೆದವರಿಲ್ಲ. ಕೊಂಡವನಿಗೆ ಬೇಕಾದದ್ದು ‘ಚೀನಾದ ಬೊಂಬೆಯಾಟದವನು’. ಅವನ ಹೆಸರು ಯಾರಿಗೂ ಬೇಕಿರಲಿಲ್ಲ. ಗ್ರಂಥದ ಮೇಲೆ ಮೇಸನ್ನನ ಹೆಸರು ಉಳಿಯಿತು, ಚಿತ್ರಶಾಲೆಯ ಹೆಸರೂ ಉಳಿಯಿತು. ಇಂಥ ಚಿತ್ರಗಳನ್ನು ನೋಡುವಾಗ ನಾವು ಆ ನೀಲಿ ಬಟ್ಟೆಯನ್ನು ಮೆಚ್ಚಿ ಸುಮ್ಮನಾಗಬಾರದು. ಅದರ ಕೆಳಗೆ ಇಣುಕುವ ಎರಡು ಪಾದಗಳನ್ನೂ ನೋಡಬೇಕು. ಅಂದಿನ ಹೊಟ್ಟೆಪಾಡಿಗಾಗಿ ನಡೆದು ಬಂದ ಪಾದಗಳವು.