ಕಿಟಕಿಯಲ್ಲಿ ನಿಂತ ಗೃಹಿಣಿ

ಕಿಟಕಿಯಲ್ಲಿ ನಿಂತು ಪಕ್ಕದ ಮನೆಯವಳನ್ನು ಕೂಗಿ ಮಾತಾಡಿಸುವ ಹೆಂಗಸನ್ನು ಕಂಡರೆ "ಪಾಪ, ಕೆಲಸವಿಲ್ಲ" ಎಂದುಬಿಡುತ್ತೇವೆ. ಅಮೆರಿಕದಲ್ಲಿ ಗರ್ಟ್ರೂಡ್ ಬರ್ಗ್ ಎಂಬಾಕೆ ಆ ಕಿಟಕಿಯ ಮಾತನ್ನೇ ಬಂಡವಾಳ ಮಾಡಿಕೊಂಡು ಇಡೀ ದೇಶವನ್ನು ನಗಿಸಿದಳು.

ಆಕೆ ನ್ಯೂಯಾರ್ಕಿನ ಯಹೂದಿ ಕುಟುಂಬದಲ್ಲಿ ಹುಟ್ಟಿದವಳು. ತಂದೆ ಬೆಟ್ಟದ ಊರೊಂದರಲ್ಲಿ ಹೋಟೆಲು ನಡೆಸುತ್ತಿದ್ದರು. ಮಳೆ ಹಿಡಿದ ದಿನ ಅತಿಥಿಗಳಿಗೆ ಬೇಸರವಾಗದಿರಲೆಂದು ಈ ಹುಡುಗಿ ಪುಟ್ಟ ಪ್ರಹಸನ ಕಟ್ಟುತ್ತಿದ್ದಳು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ, 1929ರ ನವೆಂಬರಿನಲ್ಲಿ, ಆಕೆ ಬರೆದ ಗೋಲ್ಡ್‌ಬರ್ಗ್ ಸಂಸಾರದ ಕಥೆ ರೇಡಿಯೋದಲ್ಲಿ ಶುರುವಾಯಿತು; 1949ರಲ್ಲಿ ಟೆಲಿವಿಷನ್ನಿಗೆ ಬಂತು. ಬರೆಯುವವಳೂ ನಿರ್ಮಿಸುವವಳೂ ಆಕೆಯೇ, ಕಿಟಕಿಯಿಂದ ನೆರೆಯವರನ್ನು ಕೂಗುವ ಮನೆಯೊಡತಿ ಮೋಲಿಯೂ ಆಕೆಯೇ. ಅಡುಗೆ, ಮಕ್ಕಳು, ಗಂಡನ ಸಿಡುಕು, ಇಷ್ಟೇ ವಸ್ತು. 1951ರಲ್ಲಿ ಅತ್ಯುತ್ತಮ ನಟಿಗೆಂದು ಮೊತ್ತಮೊದಲು ಕೊಟ್ಟ ಎಮ್ಮಿ ಪ್ರಶಸ್ತಿ ಆಕೆಗೆ ಸಂದಿತು.

ಆದರೆ ಆಗ ಅಮೆರಿಕಕ್ಕೆ ಕಮ್ಯುನಿಸ್ಟರ ಭಯ ಹಿಡಿದಿತ್ತು. 1950ರಲ್ಲಿ ‘ರೆಡ್ ಚಾನಲ್ಸ್’ ಎಂಬ ಪುಸ್ತಿಕೆ 151 ಜನರ ಮೇಲೆ ಸಂಶಯ ಹೊರಿಸಿ ಪಟ್ಟಿ ಮಾಡಿತು. ಮೋಲಿಯ ಗಂಡನ ಪಾತ್ರ ಮಾಡುತ್ತಿದ್ದ ಫಿಲಿಪ್ ಲೋಬ್ ಹೆಸರೂ ಅದರಲ್ಲಿತ್ತು. ಅವನನ್ನು ತೆಗೆದುಹಾಕಬೇಕೆಂದು ಜಾಹೀರಾತು ಕೊಡುತ್ತಿದ್ದ ಕಂಪನಿ ಒತ್ತಾಯಿಸಿತು. ಆಕೆ ಒಪ್ಪಲಿಲ್ಲ. ಪ್ರಶಸ್ತಿ ಬಂದ ವರ್ಷವೇ ಸಿಬಿಎಸ್ ವಾಹಿನಿ ಕಾರ್ಯಕ್ರಮವನ್ನು ಕೈಬಿಟ್ಟಿತು.

ತಿಂಗಳುಗಟ್ಟಲೆ ಹುಡುಕಿದರೂ ಲೋಬ್ ಇರುವವರೆಗೆ ಹಣ ಹಾಕುವವರು ಸಿಗಲಿಲ್ಲ. ಕೊನೆಗೆ ಅವನು ಪರಿಹಾರದ ಹಣ ಪಡೆದು ಹೊರಬಂದ. 1952ರಲ್ಲಿ ಮೋಲಿ ಬೇರೆ ವಾಹಿನಿಯಲ್ಲಿ, ಬೇರೊಬ್ಬ ನಟನನ್ನು ಗಂಡನಾಗಿ ಇಟ್ಟುಕೊಂಡು ಮತ್ತೆ ಕಿಟಕಿಗೆ ಬಂದಳು. 1955ರಲ್ಲಿ ಲೋಬ್ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಪ್ರಾಣ ಕಳೆದುಕೊಂಡ. ಆಕೆಯ ಬಾಳು ನಿಲ್ಲಲಿಲ್ಲ. 1959ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿಯೂ ಬಂತು. 1966ರಲ್ಲಿ ತೀರಿಕೊಂಡಳು.

ಆಕೆ ಸೋತಳೇ, ಗೆದ್ದಳೇ? ಪಾಠ ಹೇಳುವ ನನಗೆ ಇಂಥ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಬರೆಸಿ ಅಭ್ಯಾಸ. ಇಲ್ಲಿ ಮಾತ್ರ ಕೈ ತಡೆಯುತ್ತದೆ. ಒಬ್ಬನನ್ನು ಹಿಡಿದುಕೊಂಡರೆ ಅವಳನ್ನೇ ನಂಬಿದ ಉಳಿದ ನಟರ, ಕೆಲಸಗಾರರ ಅನ್ನ ಹೋಗುತ್ತಿತ್ತು. ಬಿಟ್ಟರೆ ಅವನು ಹೋಗುತ್ತಿದ್ದ. ಮನೆ ನಡೆಸಿದ ಹೆಂಗಸರಿಗೆ ಈ ಲೆಕ್ಕ ಹೊಸದಲ್ಲ. ಆದರೂ, ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದಾಗ ಆಕೆ ಮೊದಲು ‘ಇಲ್ಲ’ ಎಂದಿದ್ದಳಲ್ಲ, ಅದನ್ನು ನಾವು ಮರೆಯಬಾರದು.